ಲೀಟರಿಗೆ ಇಪ್ಪತ್ತೇಳು ಪಾಯಿಂಟ್ ಎಂಟು

ನನ್ನ ಗಂಡನಿಗೆ ಊರವರು ಇಟ್ಟ ಹೆಸರು ಮಿಲಿಗ್ರಾಂ. ಇಟ್ಟವರು ಅಂಗಡಿಯವರು, ಇಟ್ಟದ್ದು ಸಿಟ್ಟಿನಿಂದ, ಆದರೆ ಇವರ ಕಿವಿಗೆ ಅದು ಬಿರುದು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ತಕ್ಕಡಿ ಪರೀಕ್ಷಕರಾಗಿದ್ದರು. ಅಂಗಡಿಗೆ ಹೋಗುವುದು, ತಕ್ಕಡಿಯ ಮೇಲೆ ತಮ್ಮ ತೂಕದ ಕಲ್ಲು ಇಡುವುದು, ಮುಳ್ಳು ಎಲ್ಲಿ ನಿಂತಿತು ಎಂದು ಬಗ್ಗಿ ನೋಡುವುದು, ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಕಟ್ಟಿ ಬರುವುದು. ಕೆಂಪು ಚೀಟಿಯ ಮೇಲೆ ‘ತಿರಸ್ಕೃತ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಬಿದ್ದ ತಕ್ಕಡಿಯಲ್ಲಿ ಒಂದು ನಿಂಬೆಹಣ್ಣನ್ನೂ ತೂಗುವ ಹಾಗಿಲ್ಲ. ನಿವೃತ್ತರಾಗಿ ಎರಡು ವರ್ಷವಾಯಿತು, ಆದರೂ ತಿಂಗಳಿಗೆ ಎರಡು ಮೂರು ಗಿರಣಿ, ಗೋದಾಮಿನವರು ಖಾಸಗಿಯಾಗಿ ಕರೆದು ತಕ್ಕಡಿ ತೋರಿಸುತ್ತಾರೆ. ಆ ಕೆಲಸಕ್ಕೆ ಇವರದೇ ಸ್ವಂತ ತೂಕದ ಕಲ್ಲುಗಳಿವೆ, ಎರಡು ಮರದ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಗಳು ಸದಾ ಕಾರಿನ ಡಿಕ್ಕಿಯಲ್ಲಿರುತ್ತವೆ.

ಕಾರು ಕೊಂಡು ಒಂದು ವರ್ಷ. ಹೈಬ್ರಿಡ್ ಕಾರು. ಅಂದರೆ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗಿ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ಆಮೇಲೆ ಅದರಲ್ಲೇ ಸದ್ದಿಲ್ಲದೆ ಓಡುತ್ತದೆ. ಷೋರೂಮಿನವರು ಕೊಟ್ಟ ಬಣ್ಣದ ಕಾಗದದಲ್ಲಿ ಲೀಟರಿಗೆ ಇಪ್ಪತ್ತೇಳು ಪಾಯಿಂಟ್ ಎಂಟು ಕಿಲೋಮೀಟರ್ ಎಂದು ಬರೆದಿತ್ತು. ಬೇರೆ ಗಂಡಸರು ಕಾರಿನ ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ. ಇವರು ಆ ‘ಪಾಯಿಂಟ್ ಎಂಟ’ನ್ನು ನೋಡಿ ಮನಸೋತರು. ಇಪ್ಪತ್ತೆಂಟು ಎಂದು ಉಬ್ಬಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಕಂಪನಿ ಸುಳ್ಳಾಡಲಾರದು ಎಂಬುದು ಇವರ ವಾದ.

ಮೊದಲ ಟ್ಯಾಂಕ್ ಮುಗಿದಾಗ ಲೀಟರಿಗೆ ಇಪ್ಪತ್ತು ಬಂತು. ಎರಡನೆಯದಕ್ಕೆ ಹತ್ತೊಂಬತ್ತೂವರೆ. ಕಾರಿನ ಪರದೆ ಮಾತ್ರ ಇಪ್ಪತ್ತೊಂದು ಎಂದು ತೋರಿಸುತ್ತಿತ್ತು. ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಳ್ಳುವ ವಿದ್ಯಾರ್ಥಿಯನ್ನು ನಂಬಬಾರದು ಎಂದು ಇವರು ಪರದೆಯ ಕಡೆ ನೋಡುವುದನ್ನೇ ಬಿಟ್ಟರು. ಬಂಕಿನಲ್ಲಿ ಪೆಟ್ರೋಲ್ ತುಂಬಿಸುವಾಗ ಕೊಳವೆ ತಾನಾಗಿಯೇ ‘ಟಕ್’ ಎಂದು ನಿಂತ ಕೂಡಲೇ ನಿಲ್ಲಿಸಬೇಕು, ಮುಂದಿನ ಸಲವೂ ಅದೇ ಪಂಪಿನಲ್ಲಿ, ಅದೇ ‘ಟಕ್’ಗೆ ನಿಲ್ಲಿಸಬೇಕು, ನಡುವೆ ಓಡಿದ ದೂರವನ್ನು ತುಂಬಿದ ಲೀಟರಿನಿಂದ ಭಾಗಿಸಬೇಕು. ಇವರ ಪ್ರಕಾರ ಸತ್ಯ ಎಂದರೆ ಅದು. ಇದಕ್ಕಾಗಿ ಒಂದು ನೀಲಿ ನೋಟ್‌ಬುಕ್ ಇಟ್ಟರು. ಹತ್ತು ತಿಂಗಳಲ್ಲಿ ಅದರಲ್ಲಿ ಇಪ್ಪತ್ತೊಂದು ಎಂಬ ಅಂಕಿ ಒಂದೇ ಒಂದು ಸಲವೂ ಕಾಣಿಸಲಿಲ್ಲ.

ಇಪ್ಪತ್ತೇಳು ಪಾಯಿಂಟ್ ಎಂಟು ಎಂದು ಹೇಳಿ ಇಪ್ಪತ್ತು ಕೊಡುವುದು ಇವರ ಕಣ್ಣಲ್ಲಿ ಸಾಮಾನ್ಯ ತಪ್ಪಲ್ಲ. ಕಿಲೋ ಎಂದು ಮುಕ್ಕಾಲು ಕಿಲೋ ಸಕ್ಕರೆ ಕಟ್ಟಿಕೊಟ್ಟ ಅಂಗಡಿಗಳಿಗೆ ಬೀಗ ಹಾಕಿಸಿದವರು ಇವರು. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಷೋರೂಮಿಗೆ ಹೋದರು. ಅಲ್ಲಿ ಟೈ ಕಟ್ಟಿದವನೊಬ್ಬ ನೀರು ಕೊಟ್ಟು, ಕೂರಿಸಿ, ಆ ಅಂಕಿ ಬಂದದ್ದು ಪ್ರಯೋಗಾಲಯದಲ್ಲಿ ಎಂದು ವಿವರಿಸಿದನಂತೆ. ಅಲ್ಲಿ ಕಾರು ಉರುಳೆಗಳ ಮೇಲೆ ನಿಂತಲ್ಲೇ ಓಡುತ್ತದೆ. ಗಾಳಿಯಿಲ್ಲ, ಏರಿಲ್ಲ, ಹೊಂಡವಿಲ್ಲ, ಏಸಿ ಹಾಕುವುದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಅತ್ತೆಯೂ ಇರುವುದಿಲ್ಲ, ಇದು ನನ್ನ ಸೇರಿಕೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನಿಗೆ ಪುಣ್ಯ ಬರುತ್ತಿತ್ತು. ಬಾಗಿಲ ತನಕ ಬಂದು, ಉಳಿದದ್ದೆಲ್ಲ ಓಡಿಸುವವರ ಕಾಲಿನ ಮೇಲಿದೆ ಸಾರ್ ಎಂದುಬಿಟ್ಟ.

ಓಡಿಸುವವಳು ನಾನು.

ನಾನು ಮನೆಮನೆಗೆ ಹೋಗುವ ನರ್ಸ್. ಗಾಯಕ್ಕೆ ಪಟ್ಟಿ ಬದಲಾಯಿಸುವುದು, ಇಂಜೆಕ್ಷನ್ ಕೊಡುವುದು, ಹಾಸಿಗೆ ಹಿಡಿದವರ ಬೆನ್ನು ಒರೆಸಿ ಮಗ್ಗುಲು ಬದಲಾಯಿಸುವುದು. ಇಪ್ಪತ್ತೆರಡು ವರ್ಷ ಈ ಕೆಲಸವನ್ನು ಬಸ್ಸಿನಲ್ಲಿ ಮಾಡಿದೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು. ನಲವತ್ತೇಳನೆಯ ವಯಸ್ಸಿಗೆ ಕಾರು ಕಲಿತೆ. ಕಲಿಸಿದವನು ಮೊದಲ ವಾರ ತನ್ನ ಹೆಂಡತಿ ಮಕ್ಕಳ ಸುದ್ದಿಯನ್ನೇ ಹೇಳುತ್ತಿದ್ದ, ನನಗೆ ಕರುಣೆ ಬರಲಿ ಎಂದಿರಬೇಕು. ಆದರೆ ಕಲಿತೆ, ಚೆನ್ನಾಗಿಯೇ ಕಲಿತೆ. ಇವರಿಗೆ ಲೈಸೆನ್ಸ್ ಇತ್ತು, ಆಸೆಯಿರಲಿಲ್ಲ. ಹೀಗಾಗಿ ಓಡಿಸುವ ಸೀಟು ತಾನಾಗಿ ನನ್ನದಾಯಿತು.

ಆ ಸೀಟು ನನಗೆ ಏನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹುಡುಗಾಟದಂತೆ ಕಾಣಬಹುದು. ಮನೆಯಲ್ಲಿ ಮೂವರು, ಎರಡು ಕೋಣೆ. ಕೆಲಸವೆಲ್ಲ ಬೇರೆಯವರ ಮಲಗುವ ಕೋಣೆಗಳಲ್ಲಿ, ಅವರ ನೋವಿನ ನಡುವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹತ್ತು ನಿಮಿಷ ಮಾತ್ರ ಬಾಗಿಲು ಹಾಕಿಕೊಂಡರೆ ಯಾರೂ ಕರೆಯುವುದಿಲ್ಲ. ಆಗ ಹಾಡುತ್ತೇನೆ. ಕೆಟ್ಟದಾಗಿ ಹಾಡುತ್ತೇನೆ, ಅದು ನನಗೂ ಗೊತ್ತು. ಆ ಹತ್ತು ನಿಮಿಷ ಕೈತಪ್ಪಿದರೆ ನಾನು ಏನಾಗುತ್ತೇನೆ ಎಂದು ಯೋಚಿಸಲೂ ಭಯ.

ಷೋರೂಮಿನಿಂದ ಬಂದ ದಿನದಿಂದ ಇವರು ನನ್ನ ಬಲಗಾಲನ್ನು ನೋಡತೊಡಗಿದರು. ಊಟಕ್ಕೆ ಕೂತಾಗಲೂ ನೋಡುತ್ತಿದ್ದರು. ಮೂರನೆಯ ದಿನ ನನಗೆ ರೇಗಿತು. ಕಾಲು ನನ್ನದೇ, ಅಳತೆ ತೆಗೆಯುವುದಿದ್ದರೆ ಟೇಪು ತನ್ನಿ ಎಂದೆ. ಇವರು ಜಗಳಕ್ಕೆ ಬರಲಿಲ್ಲ. ನೋಟ್‌ಬುಕ್ ತೆರೆದು, ಜಗಳಕ್ಕಿಂತ ಪರೀಕ್ಷೆ ಒಳ್ಳೆಯದು ಎಂದರು. ಮೂರು ವಾರ ನಾನು ಓಡಿಸಬೇಕು, ಆಮೇಲೆ ಮೂರು ವಾರ ಇವರು, ನನ್ನ ರೋಗಿಗಳ ಅವೇ ಮನೆಗಳಿಗೆ, ಅದೇ ದಾರಿಯಲ್ಲಿ. ಯಾರ ಅಂಕಿ ಹೆಚ್ಚೋ ಕಾರು ಓಡಿಸುವವರು ಅವರು. ಇವರು ಗೆದ್ದರೆ ನನ್ನನ್ನು ಪ್ರತಿ ಮನೆಗೂ ಬಿಟ್ಟು, ಹೊರಗೆ ಕಾದು, ಕರೆದುಕೊಂಡು ಬರುತ್ತಾರಂತೆ. ಹೇಗೂ ಮನೆಯಲ್ಲಿ ಖಾಲಿ ಕೂತಿದ್ದೇನಲ್ಲ ಎಂದು ಸೇರಿಸಿದರು. ಇವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದೇ ನನ್ನನ್ನು ಹೆದರಿಸಿದ್ದು. ಕೆಟ್ಟ ಮನಸ್ಸಿನವರ ಕೈಯಿಂದ ಸೀಟು ಕಿತ್ತುಕೊಳ್ಳಬಹುದು, ಒಳ್ಳೆಯ ಮನಸ್ಸಿನವರ ಕೈಯಿಂದ ಆಗುವುದಿಲ್ಲ. ಆದರೂ ಒಪ್ಪಿದೆ. ನಾನು ಚೆನ್ನಾಗಿ ಓಡಿಸುತ್ತೇನೆ ಎಂಬ ಸೊಕ್ಕು ನನಗಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಕಾರನ್ನು ಹಗುರ ಮಾಡುವ ಕೆಲಸ ನಡೆಯಿತು. ಬೇಡದ ಭಾರ ಪೆಟ್ರೋಲ್ ಕುಡಿಯುತ್ತದೆ ಎಂದು ಇವರು ಎಲ್ಲೋ ಓದಿದ್ದರು. ಡಿಕ್ಕಿಯಲ್ಲಿದ್ದ ಒಂದೊಂದನ್ನೂ ಹೊರಗೆ ತೆಗೆದು, ಜಗಲಿಯಲ್ಲಿ ತೂಗುಹಾಕಿದ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, ತೂಕ ಓದಿ ಹೇಳಿದರು, ನಾನು ಬರೆದುಕೊಂಡೆ. ನನ್ನ ಕೊಡೆ ನಾನೂರ ಹತ್ತು ಗ್ರಾಂ. ಹಳೆಯ ಚಪ್ಪಲಿ ಜೊತೆ ಐನೂರ ಎಪ್ಪತ್ತು. ಅತ್ತೆಯ ಮಡಿಸುವ ಕುರ್ಚಿ ಮೂರು ಕಿಲೋ ನೂರು. ಖಾಲಿ ನೀರಿನ ಬಾಟಲಿ, ಒಂದು ಹಗ್ಗ, ಎಂದೋ ಓದಿ ಬಿಸಾಕಿದ ವಾರಪತ್ರಿಕೆಗಳ ಕಟ್ಟು. ಮುಂದಿನ ಸಣ್ಣ ಖಾನೆಯಲ್ಲಿ ಸಿಕ್ಕ ನನ್ನ ಬಾಚಣಿಗೆಯನ್ನೂ ಬಿಡಲಿಲ್ಲ, ಇಪ್ಪತ್ತೆರಡು ಗ್ರಾಂ. ಒಟ್ಟು ಹನ್ನೊಂದು ಕಿಲೋ ಆರುನೂರ ನಲವತ್ತು ಗ್ರಾಂ ಇಳಿಯಿತು. ಡಿಕ್ಕಿಯಲ್ಲಿ ಉಳಿದದ್ದು ತಳದ ಎರಡು ಮರದ ಪೆಟ್ಟಿಗೆ ಮಾತ್ರ.

ಜಗಲಿಯಲ್ಲಿ ಕೂತಿದ್ದ ಅತ್ತೆ ತನ್ನ ಕುರ್ಚಿ ಹೋದ ಸಿಟ್ಟಿಗೆ, ಅದನ್ನ ಯಾಕೆ ಬಿಟ್ಟೆ ಎಂದು ಪೆಟ್ಟಿಗೆಗಳ ಕಡೆ ಬೊಟ್ಟು ಮಾಡಿದರು.

“ಅದು ಸಾಮಾನಲ್ಲಮ್ಮ,” ಎಂದರು ಇವರು. “ಅಳತೆ.”

ಅತ್ತೆ ಅದನ್ನು ಒಪ್ಪಿಕೊಂಡರು. ನಾನೂ ತಲೆಯಾಡಿಸಿದೆ. ಕಾರು ಬಂದಾಗಿನಿಂದ ಆ ಪೆಟ್ಟಿಗೆಗಳು ಮನೆಯ ಗೋಡೆಯ ಹಾಗೆ ಇದ್ದಲ್ಲಿ ಇವೆ. ಅವುಗಳಿಂದ ಬೇರೆಯದನ್ನು ತೂಗುತ್ತಾರೆ, ಅವನ್ನು ಯಾರೂ ತೂಗುವುದಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಬಂಕಿಗೆ ಹೋದೆವು. ಬಂಕಿನ ಅಕ್ಕ ಅಲ್ಲಿ ಹದಿನೈದು ವರ್ಷದಿಂದ ಪೆಟ್ರೋಲ್ ತುಂಬಿಸುವವಳು. ನಮ್ಮ ಪಂದ್ಯ ಕೇಳಿ, ಪ್ರತಿ ಸಲವೂ ತಾನೇ ತುಂಬಿಸುತ್ತೇನೆ, ಮೊದಲ ‘ಟಕ್’ಗೆ ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ಮಾತು ಕೊಟ್ಟಳು. ಅವಳ ಮುಖದಲ್ಲಿ ನಗು ಅದುಮಿಟ್ಟದ್ದು ನನಗೆ ಕಂಡಿತು.

ಮೂರು ವಾರ ನಾನು ಓಡಿಸಿದ ರೀತಿಗೆ ಸನ್ಮಾನ ಮಾಡಬೇಕಿತ್ತು. ಹದವಾಗಿ ಓಡಿಸಿದರೆ ಪರದೆಯ ಮೇಲೆ ಒಂದು ಹಸಿರು ಎಲೆ ಮೂಡುತ್ತದೆ, ಕಾಲು ಸ್ವಲ್ಪ ಬಿಗಿಯಾದರೆ ಮಾಯವಾಗುತ್ತದೆ. ಆ ಎಲೆಯನ್ನು ಹಸುಗೂಸಿನಂತೆ ಕಾಪಾಡಿದೆ. ದೂರದ ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆದೆ. ಹಾಡುವುದನ್ನೂ ನಿಲ್ಲಿಸಿದೆ, ಹಾಡಿನ ತಾಳಕ್ಕೆ ಕಾಲು ಒತ್ತುತ್ತದೆ ಎಂದು. ಆದರೂ ಪರದೆಯ ಅಂಕಿ ಇಪ್ಪತ್ತಕ್ಕೆ ಏರಲೊಲ್ಲದು. ನನ್ನ ಕೆಲಸವೇ ಹಾಗೆ. ಮೂರು ಕಿಲೋಮೀಟರ್ ಹೋಗುವುದು, ಮುಕ್ಕಾಲು ಗಂಟೆ ಗಾಯ ತೊಳೆಯುವುದು, ಮತ್ತೆ ಎರಡು ಕಿಲೋಮೀಟರ್. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ. ತಣ್ಣಗಾದ ಎಂಜಿನ್ ಬ್ಯಾಟರಿ ತುಂಬಿದ್ದರೂ ಮೊದಲು ತನ್ನ ಮೈ ಬಿಸಿ ಮಾಡಿಕೊಳ್ಳಲು ಪೆಟ್ರೋಲ್ ಸುಡುತ್ತದೆ. ಅದು ಬಿಸಿಯಾಗುವ ಹೊತ್ತಿಗೆ ನನ್ನ ರೋಗಿಯ ಮನೆ ಬಂದಿರುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ಕಾಲು ಮುರಿದು ಆಪರೇಷನ್ ಆಗಿದ್ದ ನಿವೃತ್ತ ಸಂಗೀತ ಮಾಸ್ತರರಿದ್ದರು. ಆ ಏರು ಹತ್ತುವಾಗಲೆಲ್ಲ ಅವರ ಮುರಿದ ಕಾಲಿಗಿಂತ ನನ್ನ ಹಸಿರು ಎಲೆಯ ಚಿಂತೆ ಹೆಚ್ಚಾಗುತ್ತಿತ್ತು. ನರ್ಸಿಗೆ ಇದು ಹೇಳಿಕೊಳ್ಳುವ ಮಾತಲ್ಲ.

ಕೊನೆಯ ಭಾನುವಾರದ ಹೊತ್ತಿಗೆ ಹತ್ತೊಂಬತ್ತೂವರೆಯಲ್ಲಿ ನಿಂತಿತ್ತು. ಆಗ ನಾನು ತಪ್ಪು ಮಾಡಿದೆ. ಹೆದ್ದಾರಿಯಲ್ಲಿ ಮೈಲೇಜ್ ಹೆಚ್ಚು ಬರುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು. ಒಪ್ಪಂದದಲ್ಲಿದ್ದದ್ದು ರೋಗಿಗಳ ಮನೆಯ ದಾರಿ ಮಾತ್ರ, ಅದೂ ಗೊತ್ತಿತ್ತು. ಮಾಸ್ತರರ ಗಾಯ ನೋಡಿ ಬರುತ್ತೇನೆ ಎಂದು ಸುಳ್ಳು ಹೇಳಿ ಹೆದ್ದಾರಿಗೆ ಹೋದೆ. ನಲವತ್ತೆಂಟು ಕಿಲೋಮೀಟರ್ ಹೋಗಿ, ಅಷ್ಟೇ ದೂರ ಬಂದರೆ ಸರಾಸರಿ ಏರಿಬಿಡುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಏರಲಿಲ್ಲ, ಇಳಿಯಿತು. ನೂರು ದಾಟಿದ ಮೇಲೆ ಪ್ರತಿ ಹತ್ತು ನಿಮಿಷಕ್ಕೆ ಒಂದು ಚುಕ್ಕಿ, ಅಂದರೆ ಪಾಯಿಂಟ್ ಒಂದು, ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಯಾಕೆ ಎಂದು ಆಮೇಲೆ ಬಂಕಿನ ಅಕ್ಕ ತಿಳಿಸಿದಳು. ಹೈಬ್ರಿಡ್ ಬದುಕುವುದೇ ಊರೊಳಗಿನ ನಿಂತು ಹೊರಡುವ ಓಡಾಟದಲ್ಲಿ. ಹೆದ್ದಾರಿಯಲ್ಲಿ ಬ್ರೇಕೇ ಒತ್ತುವುದಿಲ್ಲ, ಬ್ಯಾಟರಿಗೆ ಏನು ಸಿಗುತ್ತದೆ? ಎದುರುಗಾಳಿ ಸೀಳಿಕೊಂಡು ಎಂಜಿನ್ ಒಂದೇ ದುಡಿಯಬೇಕು. ಇದು ಮೊದಲೇ ಗೊತ್ತಿದ್ದರೆ ಹೋಗುತ್ತಿರಲಿಲ್ಲ ಎಂದು ಹೇಳಬಹುದು. ಆದರೆ ನಿಜ ಹೇಳುತ್ತೇನೆ. ಹತ್ತನೆಯ ಕಿಲೋಮೀಟರಿನಲ್ಲೇ ಅಂಕಿ ಇಳಿಯುತ್ತಿರುವುದು ನನಗೆ ಗೊತ್ತಾಗಿತ್ತು, ತಿರುಗಿಸಲಿಲ್ಲ. ರಸ್ತೆ ಖಾಲಿಯಿತ್ತು. ಕಿಟಕಿ ಇಳಿಸಿದೆ. ಮೂರು ವಾರದಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದ ಹಾಡುಗಳನ್ನೆಲ್ಲ ನೂರ ಹತ್ತರ ವೇಗದಲ್ಲಿ ಹಾಡಿದೆ. ಹಸಿರು ಎಲೆ ಎಲ್ಲಿ ಹಾರಿಹೋಯಿತೋ ನೋಡಲಿಲ್ಲ. ಎರಡು ರಸ್ತೆ ಕವಲೊಡೆಯುವ ಕಡೆ ಕಾರು ನಿಲ್ಲಿಸಿದಾಗ ಕಣ್ಣಲ್ಲಿ ನೀರಿತ್ತು, ಅದು ಗಾಳಿಗೆ ಬಂದದ್ದಲ್ಲ. ಖುಷಿಗೆ ಬಂದದ್ದು.

ಮಾರನೆಯ ಬೆಳಿಗ್ಗೆ ಬಂಕಿನ ಅಕ್ಕ ‘ಟಕ್’ಗೆ ನಿಲ್ಲಿಸಿದಳು. ಆರುನೂರ ಹನ್ನೆರಡು ಕಿಲೋಮೀಟರ್, ಮೂವತ್ತಮೂರು ಪಾಯಿಂಟ್ ಒಂದು ಲೀಟರ್. ಹದಿನೆಂಟೂವರೆ. ಮೋಸ ಮಾಡಲು ಹೋಗಿ ಇದ್ದದ್ದನ್ನೂ ಕಳೆದುಕೊಂಡಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಇವರು ಬರೆದುಕೊಂಡರು, ಮುಖದಲ್ಲಿ ಏನೂ ತೋರಿಸಲಿಲ್ಲ.

ಅದೇ ದಿನ ತೂಕದ ಕಲ್ಲು ಪರೀಕ್ಷಿಸುವ ಪ್ರಯೋಗಾಲಯದ ವ್ಯಾನು ಬಂದು ಇವರ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋಯಿತು. ವರ್ಷಕ್ಕೊಮ್ಮೆ ಹೀಗೆ ಹೋಗುತ್ತವೆ. ತೂಕದ ಕಲ್ಲುಗಳೂ ಸವೆಯುತ್ತವೆಯಂತೆ, ಅವನ್ನು ಇನ್ನೂ ನಿಖರವಾದ ಕಲ್ಲುಗಳ ಪಕ್ಕದಲ್ಲಿಟ್ಟು ನೋಡಿ ಮುದ್ರೆ ಒತ್ತಿ ಕಳಿಸುತ್ತಾರೆ. ಬರಲು ಒಂದು ತಿಂಗಳಾಗುತ್ತದೆ. ಒಳ್ಳೆಯದೇ ಆಯಿತು, ಗಿರಣಿಗಳ ಕೆಲಸವಿಲ್ಲದೆ ಪೂರ್ತಿ ಗಮನ ಕಾರಿನ ಮೇಲಿಡಬಹುದು ಎಂದರು ಇವರು.

ಇವರ ಮೂರು ವಾರದ ಬಗ್ಗೆ ಏನು ಹೇಳಲಿ. ಗಂಟೆಗೆ ಮೂವತ್ತೈದು ಇವರ ಮಿತಿ. ಏಸಿ ಹಾಕಲಿಲ್ಲ, ಕಿಟಕಿಯನ್ನು ನಾಲ್ಕು ಬೆರಳು ಇಳಿಸಲು ಮಾತ್ರ ಅನುಮತಿ, ಹೆಚ್ಚು ಇಳಿಸಿದರೆ ಗಾಳಿ ಕಾರನ್ನು ಹಿಂದಕ್ಕೆ ಹಿಡಿಯುತ್ತದಂತೆ. ನಮ್ಮ ಹಿಂದೆ ಸದಾ ಒಂದು ಮೆರವಣಿಗೆ ಇರುತ್ತಿತ್ತು. ಗುಡ್ಡದ ಏರಿನಲ್ಲಿ ಅಂಚೆಯವನು ಸೈಕಲ್ ತುಳಿಯುತ್ತ ನಮ್ಮನ್ನು ದಾಟಿದ, ದಾಟುವಾಗ ಒಳಗೆ ಬಗ್ಗಿ ನೋಡಿ ಆರೋಗ್ಯ ವಿಚಾರಿಸಿದ. ಒಂದು ದಿನ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಬೆವರು ಒರೆಸಿಕೊಳ್ಳುತ್ತ ಅವರು, ನಡೆದುಕೊಂಡು ಹೊರಟಿದ್ದರೆ ಈ ಹೊತ್ತಿಗೆ ಕಣ್ಣು ತೋರಿಸಿ ವಾಪಸ್ ಬರುತ್ತಿದ್ದೆ ಎಂದರು. ಮಗ ಉತ್ತರ ಕೊಡಲಿಲ್ಲ. ಮಾತಾಡಿದರೆ ಕಾಲಿನ ಹದ ತಪ್ಪುತ್ತದೆ.

ಐನೂರ ಇಪ್ಪತ್ತು ಕಿಲೋಮೀಟರ್, ಇಪ್ಪತ್ತೆರಡು ಪಾಯಿಂಟ್ ನಾಲ್ಕು ಲೀಟರ್. ಇಪ್ಪತ್ತಮೂರು ಪಾಯಿಂಟ್ ಎರಡು. ಅದೂ ನನ್ನ ಐವತ್ತೊಂಬತ್ತು ಕಿಲೋವನ್ನು ಪಕ್ಕದಲ್ಲಿ ಹೊತ್ತುಕೊಂಡು ಬಂದ ಅಂಕಿ ಎಂದು ಇವರು ಬಂಕಿನ ಅಕ್ಕನ ಮುಂದೆ ಹೇಳಿದರು. ಹೀಗೆ ನನ್ನ ತೂಕವೂ ಊರಿಗೆ ತಿಳಿಯಿತು. ಕೀಲಿಕೈ ಗೊಂಚಲಿನಿಂದ ಕಾರಿನ ಕೀಲಿ ಬಿಡಿಸಿ ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತು ಕೇಳುವುದು ಬೇಡವೆಂದು ಒಂದಕ್ಷರವೂ ತಕರಾರು ಮಾಡಲಿಲ್ಲ.

ಆಮೇಲಿನಂಥ ಒಂಬತ್ತು ದಿನ ನನ್ನ ಜೀವನದಲ್ಲಿ ಮತ್ತೆ ಬೇಡ. ಇವರು ಸಮಯಕ್ಕೆ ಸರಿಯಾಗಿ ಬಿಡುತ್ತಿದ್ದರು, ಸಮಯಕ್ಕೆ ಸರಿಯಾಗಿ ಬಾಗಿಲಲ್ಲಿರುತ್ತಿದ್ದರು. ರೋಗಿಯ ಮನೆಯಿಂದ ಹೊರಬಂದಾಗ ನೀರಿನ ಬಾಟಲಿ ಚಾಚುತ್ತಿದ್ದರು. ದಾರಿಯಲ್ಲಿ ಆ ರೋಗಿ ಹೇಗಿದ್ದಾರೆ, ಈ ರೋಗಿ ಹೇಗಿದ್ದಾರೆ ಎಂದು ಪ್ರೀತಿಯಿಂದ ಕೇಳುತ್ತಿದ್ದರು. ನಾನು ಉತ್ತರಿಸುತ್ತಿದ್ದೆ. ಹತ್ತು ನಿಮಿಷಗಳೆಲ್ಲ ಹೀಗೆ ಹೋದವು. ಒಂದು ದಿನ ಮಾಸ್ತರರ ಬಚ್ಚಲಲ್ಲಿ ಕೈ ತೊಳೆಯುತ್ತ ನಲ್ಲಿ ಪೂರ್ತಿ ತಿರುಗಿಸಿ ಅತ್ತುಬಿಟ್ಟೆ. ನಲವತ್ತೆಂಟು ವರ್ಷದ ಹೆಂಗಸು, ಕಾರಿನ ಕೀಲಿಗಾಗಿ ಅಳುತ್ತಿದ್ದೆ. ಹೊರಬಂದಾಗ ಮಾಸ್ತರರು, ಈಗೀಗ ನೀವು ಬರುವಾಗ ಹಾಡು ಕೇಳಿಸುವುದಿಲ್ಲವಲ್ಲ, ಶ್ರುತಿ ತಪ್ಪುತ್ತಿತ್ತು ನಿಜ, ಆದರೂ ಕಾಯುತ್ತಿದ್ದೆ ಎಂದರು. ಅವರ ಕಿಟಕಿಯ ತನಕ ನನ್ನ ಹಾಡು ಹೋಗುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಪ್ರಯೋಗಾಲಯದ ವ್ಯಾನು ಮತ್ತೆ ಬಂತು. ನಾನು ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಇಬ್ಬರು ದಾಂಡಿಗರು ಒಂದು ಪೆಟ್ಟಿಗೆಯನ್ನು ಹಿಡಿದು, ಎರಡು ಸಲ ಕೆಳಗಿಟ್ಟು ಉಸಿರು ತೆಗೆದುಕೊಂಡು, ಕಾರಿನ ಡಿಕ್ಕಿಗೆ ಏರಿಸಿದರು. ಕಾರಿನ ಹಿಂಭಾಗ ಎರಡು ಬೆರಳು ತಗ್ಗಿತು. ಎರಡನೆಯ ಪೆಟ್ಟಿಗೆ ಏರಿಸಿದರು. ಇನ್ನೆರಡು ಬೆರಳು ತಗ್ಗಿತು. ಸಹಿ ಮಾಡಲು ಪೆನ್ನು ತೆಗೆದಿದ್ದ ಇವರು ಪೆನ್ನು ಹಿಡಿದುಕೊಂಡೇ ನಿಂತುಬಿಟ್ಟರು.

ವ್ಯಾನು ಹೋಯಿತು. ಇವರು ಒಳಗೆ ಬರಲಿಲ್ಲ. ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವಿನ ಸಂದನ್ನು ಟೇಪಿನಲ್ಲಿ ಅಳೆದರು. ಪೆಟ್ಟಿಗೆ ತೆರೆದು ಕಲ್ಲುಗಳನ್ನು ಎಣಿಸಿದರು. ಎಂಟೇ ಇರುವುದು ಇವರಿಗೆ ಗೊತ್ತಿಲ್ಲವೇ, ಆದರೂ ಎಣಿಸಿದರು. ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ನೀಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತರು. ಚಹಾಕ್ಕೆ ಕರೆದೆ, ಬರಲಿಲ್ಲ. ಅತ್ತೆ ಹೋಗಿ ನೋಡಿ ಬಂದು, ಯಾರೋ ಹೋಗಿಬಿಟ್ಟ ಹಾಗೆ ಕೂತಿದ್ದಾನೆ, ಏನಾಯಿತು ಕೇಳು ಎಂದರು.

ಕೇಳುವ ಮೊದಲೇ ಇವರು ಒಳಗೆ ಬಂದರು. ನೋಟ್‌ಬುಕ್ಕನ್ನು ನನ್ನ ಮುಂದೆ ಮೇಜಿನ ಮೇಲಿಟ್ಟರು. ಅದಕ್ಕೆ ಅಡ್ಡವಾಗಿ ದಾರ ಕಟ್ಟಿ, ದಾರಕ್ಕೆ ಒಂದು ಕೆಂಪು ಚೀಟಿ ಸಿಕ್ಕಿಸಿದ್ದರು. ‘ತಿರಸ್ಕೃತ’. ಕೆಳಗೆ ಇವರ ಸಹಿ, ದಿನಾಂಕ, ಮಧ್ಯಾಹ್ನ ಎರಡೂ ಇಪ್ಪತ್ತು ಎಂದು ಸಮಯ.

“ಒಂದೊಂದು ಕಲ್ಲು ಇಪ್ಪತ್ತು ಕಿಲೋ,” ಎಂದರು. “ಎಂಟು. ನೂರರವತ್ತು ಕಿಲೋ. ನಿನ್ನ ಮೂರು ವಾರ ಡಿಕ್ಕೀಲಿತ್ತು. ನನ್ನ ಮೂರು ವಾರ ಇರ್ಲಿಲ್ಲ.”

ನಾನು ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟೆ. ಇಪ್ಪತ್ತೆರಡು ಗ್ರಾಂನ ನನ್ನ ಬಾಚಣಿಗೆ ಕಣ್ಣ ಮುಂದೆ ಬಂತು.

“ನಾನು, ನೀನು, ಅಮ್ಮ, ಮೂರೂ ಜನ ಸೇರಿದ್ರೂ ನೂರರವತ್ತ್ಮೂರು,” ಎಂದರು. “ಅಷ್ಟು ಭಾರ ಹೊರ್ಸಿಬಿಟ್ಟು ನಿನ್ನ ಕಾಲು ನೋಡ್ತಾ ಕೂತಿದ್ದೆ. ತಕ್ಕಡಿ ಕೆಳಗೆ ಕಬ್ಬಿಣ ಅಂಟಿಸಿದೋರನ್ನ ಎಷ್ಟು ಜನರನ್ನ ಹಿಡ್ದಿದೀನಿ. ಅವ್ರಿಗಾದ್ರೂ ಕಬ್ಬಿಣ ಎಲ್ಲಿದೆ ಅಂತ ಗೊತ್ತಿರ್ತಿತ್ತು.”

ಬೇರೆಯವರಿಗೆ ನಗು ಬರಬಹುದು, ನನಗೆ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದನ್ನು ನಂಬಿ ಮೂವತ್ತೊಂದು ವರ್ಷ ಬದುಕಿದ ಮನುಷ್ಯ. ಬೇಕಿದ್ದರೆ ಸುಮ್ಮನಿರಬಹುದಿತ್ತು. ನನಗಾಗಲಿ ಅತ್ತೆಗಾಗಲಿ ಆ ಪೆಟ್ಟಿಗೆಗಳು ಎಂದಿಗೂ ಹೊಳೆಯುತ್ತಿರಲಿಲ್ಲ.

ಇಲ್ಲಿಗೆ ನಾನೂ ಬಾಯಿ ಮುಚ್ಚಿಕೊಂಡಿದ್ದರೆ ಕೀಲಿ ನನ್ನ ಕೈಗೆ ಬರುತ್ತಿತ್ತು. ಆದರೆ ಎದುರಿಗೆ ಆ ಕೆಂಪು ಚೀಟಿ ಇತ್ತು. ಕೊನೆಯ ಭಾನುವಾರ ನಾನು ಮಾಸ್ತರರ ಮನೆಗೆ ಹೋಗಲಿಲ್ಲ, ಮೈಲೇಜ್ ಏರಿಸಲು ಹೆದ್ದಾರಿಗೆ ಹೋಗಿದ್ದೆ ಎಂದು ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

“ಗೊತ್ತು,” ಎಂದರು. “ತೊಂಬತ್ತಾರು ಕಿಲೋಮೀಟರ್. ದಿನಾ ಸಂಜೆ ಮೀಟರ್ ಬರ್ಕೊತಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಅದ್ರಿಂದ ನಿಂಗೇ ನಷ್ಟ ಆಗಿತ್ತು. ಲಾಭ ಆಗಿದ್ರೆ ಹೇಳ್ತಿದ್ದೆ.” ಕೆಂಪು ಚೀಟಿಯ ದಾರ ಸರಿಮಾಡಿದರು. “ಆವತ್ತು ನೀನು ಹಾಡ್ತಾ ಒಳಗೆ ಬಂದೆ. ಮೂರು ವಾರದಲ್ಲಿ ಅದೊಂದೇ ದಿನ. ಬರ್ಕೊಳ್ಳೋಣ ಅಂತ ನೋಡಿದೆ. ಯಾವ ಕಾಲಂನಲ್ಲಿ ಬರೀಬೇಕು ಗೊತ್ತಾಗ್ಲಿಲ್ಲ.”

ನಾನು ನೋಟ್‌ಬುಕ್ ಬಿಚ್ಚಿ ನೋಡಿದೆ. ಆ ಭಾನುವಾರದ ಸಾಲಿನಲ್ಲಿ ದೂರ ಇತ್ತು, ಸಮಯ ಇತ್ತು. ಕೊನೆಯ ಕಾಲಂನಲ್ಲಿ ಒಂದು ಚುಕ್ಕಿ ಇಟ್ಟು ಖಾಲಿ ಬಿಟ್ಟಿದ್ದರು.

ಆ ನೂರರವತ್ತನ್ನೂ ನನ್ನ ತೊಂಬತ್ತಾರನ್ನೂ ಕಳೆದು ಲೆಕ್ಕ ಸರಿಮಾಡಿದರೂ ಇವರೇ ಮುಂದೆ ಇರಬಹುದು, ಮೂವತ್ತೈದರ ವೇಗಕ್ಕೆ ನಾನು ಸಾಟಿಯಲ್ಲ ಎಂದೆ. ಇವರು ಒಪ್ಪಲಿಲ್ಲ. ತಪ್ಪು ತಕ್ಕಡಿಯ ತೂಕವನ್ನು ಸರಿಮಾಡಿ ಓದುವ ಕ್ರಮವಿಲ್ಲ. ತಿರಸ್ಕೃತ ಎಂದರೆ ತಿರಸ್ಕೃತ. ಹಾಗಾದರೆ ಇನ್ನೊಂದು ಪರೀಕ್ಷೆಯೇ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಟ್ಟವರು ಅತ್ತೆ, ಒಳಗಿನ ಕೋಣೆಯಿಂದ. ಇನ್ನೊಂದು ಸಲ ಆ ಬೆಂಕಿ ಪೆಟ್ಟಿಗೆಯಲ್ಲಿ ಕೂರಿಸಿದರೆ ತಾನು ಮನೆ ಬಿಟ್ಟು ಹೋಗುವುದಾಗಿಯೂ, ನಡೆದೇ ಹೋಗುವುದಾಗಿಯೂ ತಿಳಿಸಿದರು.

“ಪರೀಕ್ಷೆ ತಿರಸ್ಕೃತ ಆದ್ರೆ ಮೊದಲು ಹೇಗಿತ್ತೋ ಹಾಗೆ ಮುಂದುವರೀಬೇಕು,” ಎಂದರು ಇವರು. “ನಿಯಮ ಇರೋದೇ ಹಾಗೆ. ಮೊದಲು ಓಡಿಸ್ತಿದ್ದೋಳು ನೀನು.” ಜೇಬಿನಿಂದ ಕೀಲಿ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟರು.

ಅದನ್ನು ನನ್ನ ಗೊಂಚಲಿಗೆ ಸೇರಿಸುವಾಗ ಎರಡು ಸಲ ತಪ್ಪಿತು. ಇವರು ನೋಡುತ್ತ ನಿಂತಿದ್ದರು, ಸಹಾಯಕ್ಕೆ ಬರಲಿಲ್ಲ. ಅದಕ್ಕಾಗಿ ಇವರ ಮೇಲೆ ನನಗೆ ಪ್ರೀತಿ ಬಂತು.

ಸಂಜೆ ಇವರೇ ಪೆಟ್ಟಿಗೆಗಳಿಂದ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ ಜಗಲಿಯ ಮೂಲೆಯಲ್ಲಿ ಜೋಡಿಸಿದರು. ಪ್ರತಿ ಕಲ್ಲಿಗೂ ಕಾರು ಒಂದಿಷ್ಟು ಮೇಲೆದ್ದಿತು. ಖಾಲಿಯಾದ ಜಾಗದಲ್ಲಿ ಅತ್ತೆಯ ಕುರ್ಚಿಯನ್ನೂ ನನ್ನ ಕೊಡೆಯನ್ನೂ ಇಟ್ಟರು. ಬಾಚಣಿಗೆಯನ್ನು ಮುಂದಿನ ಖಾನೆಯಲ್ಲಿಟ್ಟರು.

ಭಾನುವಾರ ಮಾಸ್ತರರ ಗಾಯಕ್ಕೆ ಪಟ್ಟಿ ಹಾಕಿದ ಮೇಲೆ ಕಾರನ್ನು ಹೆದ್ದಾರಿಗೆ ತಿರುಗಿಸಿದೆ. ಪಕ್ಕದಲ್ಲಿ ಇವರು, ಹಿಂದೆ ಅತ್ತೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಎಂಬತ್ತರ ತನಕ ಇವರು ಸುಮ್ಮನಿದ್ದರು. ತೊಂಬತ್ತಕ್ಕೆ ಸೀಟಿನ ಅಂಚು ಹಿಡಿದರು. ನೂರು ದಾಟಿದಾಗ ಪರದೆಯ ಅಂಕಿ ಒಂದು ಚುಕ್ಕಿ ಇಳಿಯಿತು, ಇವರ ಕಣ್ಣು ಅಲ್ಲಿಗೇ ಹೋಯಿತು. ಇನ್ನೊಂದು ಚುಕ್ಕಿ ಇಳಿಯಿತು. ಇವರು ಅಂಗಿಯ ಜೇಬಿಗೆ ಕೈ ಹಾಕಿ ಒಂದು ಕೆಂಪು ಚೀಟಿ ತೆಗೆದರು, ಅಂಕಿಯ ಮೇಲೆ ಸರಿಯಾಗಿ ಇಟ್ಟು, ನಾಲ್ಕೂ ಮೂಲೆಗೆ ನನ್ನ ಬ್ಯಾಗಿನ ಅಂಟುಪಟ್ಟಿ ಹಚ್ಚಿದರು. ಆಮೇಲೆ ಕಿಟಕಿಯನ್ನು ಪೂರ್ತಿ ಇಳಿಸಿದರು.

ನಾನು ಹಾಡತೊಡಗಿದೆ. ಎರಡನೆಯ ಸಾಲಿಗೆ ಇವರೂ ಸೇರಿದರು, ನನಗಿಂತ ಕೆಟ್ಟದಾಗಿ. ಹಿಂದಿನಿಂದ ಅತ್ತೆ, ಕಿಟಕಿ ಮುಚ್ಚಿ ಏಸಿ ಹಾಕಲು ಹೇಳಿದರು. ಹಾಡು ಮುಗಿದ ಮೇಲೆ ಹಾಕಿದೆ.